ಕೈಸನ್ನೆ

ಡಂಡೀ, ಡಿಸೆಂಬರು. ಮೂರೂವರೆಗೇ ಕತ್ತಲು.
ಟೇ ನದಿಯ ಮೇಲೆ ರೈಲು ಹೋದದ್ದು
ಬರೀ ಕಿಟಕಿಗಳ ಸಾಲಾಗಿ ಕಂಡಿತು.
ಒಳಗಿನ ಕತ್ತಲು ನಾವೇ ಮಾಡಿಕೊಂಡದ್ದು:
ಕರಿಪರದೆ, ಬಾಗಿಲ ಸಂದಿಗೆ ಟೇಪು,
ಕಂಪ್ಯೂಟರಿನ ಸಾಸಿವೆಯಷ್ಟು ದೀಪಕ್ಕೂ ಒಂದು ಚೂರು ಟೇಪು.

ಗಾಜಿನ ತಟ್ಟೆಯಲ್ಲಿ ಜೀವಕೋಶಗಳು, ಮೈಶಾಖದ ಬೆಚ್ಚಗೆ.
ಯಾರದೋ ಶ್ವಾಸಕೋಶದಿಂದ ಎಂದೋ ಬಂದವು.
ಆ ಯಾರೋ ಈಗಿಲ್ಲ. ಇವು ಇವೆ,
ಮಂಗಳವಾರ, ಶುಕ್ರವಾರ ನನ್ನ ಕೈಯಿಂದ ಉಣ್ಣುತ್ತವೆ.

ಬಣ್ಣ ಮಾಡಿದವಳು ಮೇಲಿನ ಮಹಡಿಯ ಹನ್ನೆಕೆ.
ಹನ್ನೊಂದು ತಿಂಗಳು. ನಾಲ್ಕು ಸಲ ಡಾಂಬರಿನಂತೆ ಕೆಟ್ಟು
ಐದನೆಯದಕ್ಕೆ ಪುಡಿ, ಉಗುರ ಮೇಲೆ ನಿಲ್ಲುವಷ್ಟು.
"ಇದು ತೆಪ್ಪಗಿರುತ್ತದೆ," ಅಂದಿದ್ದಳು,
"ಪೆರಾಕ್ಸೈಡು ಬಂದು ಮುಟ್ಟುವ ತನಕ.
ಮುಟ್ಟಿತೋ, ಬಾಯಿಬಿಡುತ್ತದೆ."
ಬಾಯಿ ಎಲ್ಲಿಂದ ಬರಬೇಕು ಅದಕ್ಕೆ?
ಅದರದು ಕೈಸನ್ನೆ.

ಕೈಸನ್ನೆ ನನಗೆ ಗೊತ್ತು. ನನ್ನಜ್ಜಿ ಎಫಿ
ಸೆಣಬಿನ ಮಿಲ್ಲಿನಲ್ಲಿ ನೇಯುತ್ತಿದ್ದವಳು,
ಇಪ್ಪತ್ತಾರಕ್ಕೇ ಮಗ್ಗಕ್ಕೆ ಕಿವಿ ಕೊಟ್ಟು ಕಳಕೊಂಡವಳು.
ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಲ್ಲಿ
ಮಾತೆಂದರೆ ಬೆರಳು, ಹುಬ್ಬು, ತುಟಿಯ ಆಕಾರ.
ಎದೆಯ ಮೇಲೆ ಅಂಗೈ: ಮಗುವಿಗೆ ಹುಷಾರಿಲ್ಲ.
ಭುಜ ತಟ್ಟಿಕೊಂಡರೆ: ಮೇಸ್ತ್ರಿ ಬಂದ, ಎಚ್ಚರ.
ಮನೆಯ ಮೇಜಿನಲ್ಲೂ ಹಾಗೇ,
ಉಪ್ಪಿಗೆ ಎರಡು ಬೆರಳು ತಿಕ್ಕುತ್ತಿದ್ದಳು.

ಕೋಶದೊಳಗೂ ಅಂಥದೇ ಗದ್ದಲ ಅಂದುಕೊಳ್ಳುತ್ತೇನೆ.
ಎಲ್ಲಕ್ಕೂ ಎಲ್ಲವೂ ಡಿಕ್ಕಿ. ಸಂತೆ ಅನ್ನೋಣವೆಂದರೆ
ಸಂತೆ ಸಂಜೆಗಾದರೂ ಮುಗಿಯುತ್ತದೆ.
ಅದರ ನಡುವೆ ಒಂದು ಅಣು ಕೈ ಎತ್ತಬೇಕು,
ಗಾಜಿನಾಚೆಯಿಂದ ನನಗದು ಕಾಣಬೇಕು.

ಕಂಡಿತು.
ಬೂದಿ ಊದಿದಾಗ ಕೆಂಡ ಕಣ್ಣು ತೆರೆಯುವಂತೆ
ಅಂಚಿನಲ್ಲೊಂದು ಕಿತ್ತಳೆ, ಆಮೇಲೆ ಎಳೆ, ಎಳೆ,
ಕೋಶದ ಒಳಗಿನ ನೂಲೆಲ್ಲ ಹೊತ್ತಿಕೊಂಡಿತು.
ಔಷಧ ಹಾಕಿದ ತಟ್ಟೆ ಅದು. ಕಾದಿದ್ದು ಅದಕ್ಕೇ.
ಡಾಕ್ಟರ್ ಕ್ರಾಮಂಡ್ ಫೋನಿನಲ್ಲಿ ಕೂಗಿದರು,
ಅವರ ನಾಯಿಯೂ ಕೂಗಿತು.
"ಸೋಮವಾರ ಎಲ್ಲರಿಗೂ ಕೇಕು!"

ಒಂಬತ್ತಕ್ಕೆ, ಕೋಟು ಹಾಕಿಕೊಂಡ ಮೇಲೆ,
ಔಷಧ ಹಾಕದ ತಟ್ಟೆಯನ್ನೂ ಇಟ್ಟೆ. ಬರೀ ರೂಢಿ;
ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುಗಿ ನೋಡುವ ಹಾಗೆ.
ಮೊದಲ ಚಿತ್ರ: ಕತ್ತಲು.
ಹತ್ತನೆಯದು: ಕತ್ತಲು.
ನಲವತ್ತರಲ್ಲಿ ಅಂಚಿಗೊಂದು ಕಿತ್ತಳೆ.
ನೂರರ ಹೊತ್ತಿಗೆ ಚೌಕದ ತುಂಬ ಎತ್ತಿದ ಕೈಗಳು.

ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದೆ.
ನಾನಿನ್ನೂ ನೋಡದಿದ್ದವು ತಣ್ಣಗೆ, ಕಪ್ಪಗೆ ಮಲಗಿದ್ದವು.
ನೋಡಿದ ಚೌಕವೊಂದೇ ಉರಿಯುತ್ತಿತ್ತು,
ಹುಲ್ಲಿನ ಮೇಲೆ ಹಲಗೆಯಿಟ್ಟು ತೆಗೆದಷ್ಟು ನೇರ ಅಂಚು.

ಔಷಧವಲ್ಲ. ಲೇಸರು.
ನೋಯುತ್ತಿದೆಯಾ ಎಂದು ಒತ್ತಿದ ಬೆರಳೇ
ನೋವಾಗಿತ್ತು. ಹನ್ನೆಕೆಯ ಬಣ್ಣ
ಇದ್ದದ್ದನ್ನು ಇದ್ದಂತೆ ಹೇಳಿತ್ತು, ಎರಡೂ ಸಲ.

ಎಫಿ ಒಂದೇ ಒಂದು ಸಲ ಹೇಳಿದ್ದಳು:
ಪಕ್ಕದ ಹುಡುಗಿಯ ಜಡೆ ಪಟ್ಟಿಗೆ ಸಿಕ್ಕಿದ ದಿನ
ನಿಲ್ಲಿಸಿ ಎಂದು ಇವಳು ಎರಡೂ ಕೈ ಎತ್ತಿದಳಂತೆ.
ಮೇಲಿನ ಅಟ್ಟದಲ್ಲಿ ಮಿಲ್ಲು ನೋಡಲು ಬಂದ ಅತಿಥಿಗಳು
ತಮಗೆಂದುಕೊಂಡು, ನಕ್ಕು,
ತಿರುಗಿ ಕೈ ಬೀಸಿದರಂತೆ.

ಲೇಸರು ಆರಿಸಿದೆ. ಫೋನು ಕೈಯಲ್ಲೇ ಇತ್ತು,
ಒತ್ತಲಿಲ್ಲ. ಮೊದಲು ಹನ್ನೆಕೆಗೆ.
ಮೇಲೆ ಅವಳ ದೀಪ ಇನ್ನೂ ಉರಿಯುತ್ತಿತ್ತು.
ಮೆಟ್ಟಿಲು ಹತ್ತುತ್ತ ಅಜ್ಜಿಯ ಸನ್ನೆಗಳಲ್ಲಿ ತಡಕಾಡಿದೆ,
ತಪ್ಪು ನೋಡಿದ್ದರಲ್ಲಿದೆ, ನಿನ್ನದರಲ್ಲಲ್ಲ, ಅನ್ನುವುದಕ್ಕೆ.
ಮೂರನೆಯ ಮಹಡಿಯ ತನಕವೂ
ಉಪ್ಪು ಮಾತ್ರ ನೆನಪಿಗೆ ಬಂತು.